ಕಡಲಿನ ಸಣ್ಣ ಹುಳುವಿಗೆ ಹೊಸ ಹೆಸರು: ಜರಡಿಯಿಂದ ಸಂಗ್ರಹಾಲಯದವರೆಗೆ

ಕಡಲ ತಳದ ಕೆಸರನ್ನು ಒಂದು ಬಕೆಟ್ ತಂದು ಜರಡಿ ಹಿಡಿದರೆ, ಉಳಿಯುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಪಾಲಿಕೀಟ್ ಹುಳುಗಳದ್ದು. ಮೈತುಂಬ ಉಂಗುರಗಳು, ಉಂಗುರದ ಎರಡೂ ಪಕ್ಕಕ್ಕೆ ಪುಟ್ಟ ಕಾಲಿನಂಥ ಚಾಚು, ಅದರಿಂದ ಹೊರಟ ಬಿರುಗೂದಲಿನ ಕಟ್ಟು. ಎರೆಹುಳುವಿನ ನೆಂಟರು ಇವು. ಇವುಗಳಲ್ಲಿ ಹೆಸರು ಪಡೆದ ಪ್ರಭೇದಗಳು ಸುಮಾರು 12,000. ಹೆಸರಿಲ್ಲದವು ಇನ್ನೂ ಸಾಕಷ್ಟಿವೆ, ಹಾಗಾಗಿ ಅಂಥದ್ದೊಂದು ಕೈಗೆ ಸಿಗುವುದು ಅಪರೂಪವೇನಲ್ಲ. ಅದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ಸಾಧಿಸಿ ತೋರಿಸುವುದೇ ಕಷ್ಟದ ಕೆಲಸ. ಆ ಕೆಲಸ ನಡೆಯುವುದು ಮೇಜಿನ ಮೇಲೆ, ಹಳೆಯ ವಿವರಣೆಗಳ ನಡುವೆ. ಆದರೆ ಅದು ಸಾಧ್ಯವಾಗುತ್ತದೋ ಇಲ್ಲವೋ ಎಂಬುದು ಹುಳು ನೀರಿನಿಂದ ಮೇಲೆ ಬಂದ ಮೊದಲ ಒಂದೆರಡು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೇ ಇಲ್ಲಿ ಆ ಗಂಟೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹೊರಡುವ ಮುನ್ನ

ಎಲ್ಲ ಹುಳುಗಳನ್ನೂ ಕಲಿಯಲು ಹೋಗಬೇಡಿ. ಒಂದು ಕುಟುಂಬವನ್ನು ಹಿಡಿದುಕೊಳ್ಳಿ: ಸ್ಪಯೋನಿಡೆ, ಸಿಲ್ಲಿಡೆ, ನೆರೀಡಿಡೆ, ಕ್ಯಾಪಿಟೆಲ್ಲಿಡೆ, ಹೀಗೆ. ಆ ಕುಟುಂಬದಲ್ಲಿ ನಿಮಗೆ ಸಿಗಬಹುದಾದ ಕುಲಗಳ ಎಲ್ಲ ಪ್ರಭೇದಗಳ ಪಟ್ಟಿಯನ್ನು ‘ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್’ ತಾಣದಿಂದ ತೆಗೆದುಕೊಳ್ಳಿ. ವೊರ್ಮ್ಸ್ ಎಂದೇ ಎಲ್ಲರೂ ಕರೆಯುವ ಈ ತಾಣದಲ್ಲಿ ಇಂದು ಒಪ್ಪಿತವಾಗಿರುವ ಹೆಸರುಗಳ ಜೊತೆಗೆ, ಸಮಾನಾರ್ಥಕವೆಂದು ಬದಿಗೆ ಸರಿಸಿದ ಹಳೆಯ ಹೆಸರುಗಳೂ ಇರುತ್ತವೆ. ಎರಡನ್ನೂ ಬರೆದುಕೊಳ್ಳಿ. ಬದಿಗೆ ಸರಿದ ಹೆಸರುಗಳೇ ಮುಂದೆ ತೊಡಕಾಗುವುದು.

ಮಾದರಿ ಸಂಗ್ರಹಕ್ಕೆ ಬೇಕಾದ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಒಂದು ದೇಶದ ಜೀವಿಗಳನ್ನು ಬಳಸಲು ಆ ದೇಶದ ಒಪ್ಪಿಗೆ ಬೇಕೆನ್ನುವ ನಗೋಯಾ ಒಪ್ಪಂದ 2014ರಿಂದ ಜಾರಿಯಲ್ಲಿದೆ. ಅನುಮತಿ ಪತ್ರವಿಲ್ಲದ ಮಾದರಿಯನ್ನು ಅನೇಕ ಸಂಗ್ರಹಾಲಯಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಗ್ರಹಾಲಯಕ್ಕೆ ಸೇರದ ಮಾದರಿಯ ಮೇಲೆ ಹೊಸ ಹೆಸರನ್ನು ನಿಲ್ಲಿಸಲಾಗದು.

ಹುಳುವನ್ನು ಗಾಯವಾಗದಂತೆ ಹೊರತೆಗೆಯುವುದು

ಮೆದು ತಳಕ್ಕೆ 0.1 ಚದರ ಮೀಟರ್ ಹಿಡಿಯುವ ವ್ಯಾನ್ ವೀನ್ ಗ್ರ್ಯಾಬ್ (ಎರಡು ದವಡೆಯಿಂದ ಕೆಸರನ್ನು ಕಚ್ಚಿ ತರುವ ಸಲಕರಣೆ) ಸಾಕು. ಆಳ ಕಡಲಿಗೆ ಕೆಸರನ್ನು ಪೆಟ್ಟಿಗೆಯಾಕಾರದಲ್ಲಿ ಕತ್ತರಿಸಿ ತರುವ ಬಾಕ್ಸ್ ಕೋರರ್ ಒಳ್ಳೆಯದು, ಅದು ಮೇಲ್ಪದರವನ್ನು ಕದಡದೆ ತರುತ್ತದೆ. ಜರಡಿಯ ಕಣ್ಣು ಎಷ್ಟಿರಬೇಕೆಂಬುದು ಹುಡುಕುವ ಹುಳುವಿನ ಮೇಲೆ ಹೋಗುತ್ತದೆ. 1 ಮಿ.ಮೀ. ಜರಡಿಯಲ್ಲಿ ಸಿಲ್ಲಿಡ್‌ಗಳೂ ಮರಿಗಳೂ ನುಸುಳಿ ಹೋಗುತ್ತವೆ. 0.5 ಮಿ.ಮೀ. ಸಾಮಾನ್ಯ ಆಯ್ಕೆ, ಆಳ ಕಡಲಿನ ಪುಟ್ಟ ಹುಳುಗಳಿಗೆ 0.3 ಮಿ.ಮೀ. ಮರಳಿನ ಕಣಗಳ ಸಂದಿಯಲ್ಲೇ ಬಾಳುವ ಹುಳುಗಳಿಗೆ 63 ಮೈಕ್ರೋಮೀಟರ್ ಅಥವಾ ಅದಕ್ಕೂ ಸಣ್ಣದು ಬೇಕು.

ಕೆಸರನ್ನು ನೇರವಾಗಿ ಜರಡಿಗೆ ಸುರಿದು ಪೈಪಿನಿಂದ ರಭಸವಾಗಿ ನೀರು ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಹುಳು ತುಂಡಾಗುತ್ತದೆ, ಕಿವಿರು ಉದುರುತ್ತದೆ, ಬಿರುಗೂದಲು ಮುರಿಯುತ್ತದೆ. ಅದರ ಬದಲು ಬಕೆಟ್ಟಿನಲ್ಲಿ ಕಡಲ ನೀರು ಹಾಕಿ ಕೆಸರನ್ನು ಕೈಯಿಂದ ಮೆಲ್ಲಗೆ ಕಲಕಿ. ಭಾರದ ಮರಳು ಕೆಳಗಿಳಿಯಲು ನಾಲ್ಕೈದು ಸೆಕೆಂಡು ಬಿಟ್ಟು, ಮೇಲಿನ ನೀರನ್ನು ಜರಡಿಗೆ ಬಗ್ಗಿಸಿ. ಹೀಗೆ ಐದಾರು ಸಲ ಮಾಡಿ. ಜರಡಿ ನೀರಿನಲ್ಲಿ ಅರ್ಧ ಮುಳುಗಿರಲಿ. ಕೊನೆಗೆ ಉಳಿದ ಮರಳನ್ನು ಬೇರೆಯಾಗಿ ನೋಡಿ, ಕೊಳವೆ ಕಟ್ಟಿಕೊಂಡ ಹುಳುಗಳು ಭಾರವಾಗಿ ಅಲ್ಲೇ ಕುಳಿತಿರುತ್ತವೆ. ಉದ್ದಕ್ಕೂ ಕಡಲ ನೀರನ್ನೇ ಬಳಸಿ. ಸಿಹಿನೀರು ತಾಕಿದರೆ ಹುಳು ಊದಿಕೊಂಡು ಮೈ ಒಡೆಯುತ್ತದೆ.

ಸತ್ತ ಹವಳದ ತುಂಡು, ಪಾಚಿಯ ಬುಡ, ಸ್ಪಂಜು, ಹಳೆಯ ಚಿಪ್ಪು ಇವು ಹೊಸ ಪ್ರಭೇದಗಳ ಕಣಜ. ಇವುಗಳನ್ನು ಬಕೆಟ್ಟಿನ ಕಡಲ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಆಮ್ಲಜನಕ ಕಡಿಮೆಯಾದಂತೆ ಹುಳುಗಳು ತಾವೇ ಹೊರಬಂದು ಅಂಚಿಗೆ ಸೇರುತ್ತವೆ. ಪೊಲಿಡೋರಾದಂತೆ ಚಿಪ್ಪು ಕೊರೆದು ಒಳಗೆ ಕೂರುವ ಹುಳುಗಳು ಮಾತ್ರ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಚಿಪ್ಪನ್ನು ಇಕ್ಕಳದಿಂದ ಚೂರು ಚೂರಾಗಿ ಒಡೆದು, ಬಿಲವನ್ನು ತೆರೆದು ತೆಗೆಯಬೇಕು.

ಬದುಕಿರುವಾಗಲೇ ನೋಡಬೇಕಾದ್ದು

ಹುಳುವಿನ ಬಣ್ಣ ಆಲ್ಕೊಹಾಲಿನಲ್ಲಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ಕಣ್ಣಿನ ಚುಕ್ಕೆಗಳೂ ಕಾಲಕ್ರಮದಲ್ಲಿ ಮಾಸುತ್ತವೆ. ಹಳೆಯ ವಿವರಣೆಗಳಲ್ಲಿ ‘ಕಣ್ಣಿಲ್ಲ’ ಎಂದು ಬರೆದಿದ್ದರೆ, ಆ ಹುಳುವಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲವೋ ಸೀಸೆಯೊಳಗೆ ಅಳಿಸಿಹೋಯಿತೋ ಎಂಬ ಅನುಮಾನ ಯಾವಾಗಲೂ ಇರಲಿ. ಆದ್ದರಿಂದ ಪ್ರತಿ ಹುಳುವಿಗೂ ಒಂದು ಸಂಖ್ಯೆ ಕೊಟ್ಟು, ಜೀವಂತವಾಗಿರುವಾಗಲೇ ಫೋಟೋ ತೆಗೆಯಿರಿ: ತಲೆ ಮೇಲಿನಿಂದ, ತಲೆ ಪಕ್ಕದಿಂದ, ನಡುಭಾಗ, ಬಾಲದ ತುದಿ. ಒಂದರಲ್ಲಾದರೂ ಅಳತೆಪಟ್ಟಿ ಇರಲಿ.

ಫೋಟೋಗೂ ಮುಂದಿನ ಹಂತಕ್ಕೂ ಹುಳು ಮೈ ಸಡಿಲ ಬಿಟ್ಟಿರಬೇಕು. ಅದಕ್ಕೆ ಮೆಗ್ನೀಸಿಯಂ ಕ್ಲೋರೈಡ್ ಬೇಕು. ಹೆಕ್ಸಾಹೈಡ್ರೇಟ್ ಹರಳು 75 ಗ್ರಾಂ ತೂಗಿ, ಸಿಹಿನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ. ಈ ದ್ರಾವಣದ ಸಾಂದ್ರತೆ ಕಡಲ ನೀರಿಗೆ ಸರಿಸುಮಾರು ಸಮನಾಗಿರುವುದರಿಂದ ಹುಳು ಊದುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹುಳು ಇರುವ ಕಡಲ ನೀರಿಗೆ ಇದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಸಮಪ್ರಮಾಣಕ್ಕೆ ತನ್ನಿ. ಹತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಮೆದು ಕುಂಚದಿಂದ ತಲೆಯನ್ನು ಮುಟ್ಟಿದರೂ ಅಲುಗಾಡದಿದ್ದರೆ ಆಯಿತು. ಮರೆತು ಗಂಟೆಗಟ್ಟಲೆ ಬಿಟ್ಟರೆ ಅಂಗಾಂಶ ಕೊಳೆಯತೊಡಗುತ್ತದೆ.

ಈ ಹಂತವನ್ನು ಹಾರಿಸಿ ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಹುಳು ಸುರುಳಿ ಸುತ್ತಿಕೊಳ್ಳುತ್ತದೆ. ಸ್ಪಯೋನಿಡ್‌ಗಳು ತಲೆಯ ಮೇಲಿನ, ಮುಟ್ಟಿ ತಿಳಿಯುವ ಬಳ್ಳಿಯಂಥ ಎರಡು ಉದ್ದ ಪ್ಯಾಲ್ಪ್‌ಗಳನ್ನು ಕಳಚಿ ಎಸೆಯುತ್ತವೆ. ಶಲ್ಕಹುಳುಗಳು ಬೆನ್ನಿನ ಬಿಲ್ಲೆಗಳನ್ನು ಉದುರಿಸುತ್ತವೆ, ಯಾವ ಬಿಲ್ಲೆ ಯಾವ ಉಂಗುರದ್ದೆಂದು ಆಮೇಲೆ ಗೊತ್ತಾಗುವುದಿಲ್ಲ. ನೆರೀಡಿಡ್‌ಗಳ ಗಂಟಲು ಹೊರಚಾಚಿರುವುದು ಮಾತ್ರ ನಮಗೆ ಬೇಕು, ಏಕೆಂದರೆ ಅದರ ಮೇಲಿನ ಪುಟ್ಟ ಹಲ್ಲುಗಳು ಯಾವ ಭಾಗದಲ್ಲಿ ಎಷ್ಟಿವೆ ಎಂಬುದರ ಮೇಲೆ ಪ್ರಭೇದವನ್ನು ಗುರುತಿಸುತ್ತಾರೆ. ಮೈ ಸಡಿಲವಾದ ಮೇಲೆ ತಲೆಯ ಹಿಂದಿನ ಉಂಗುರಗಳನ್ನು ಚಿಮಟದಿಂದ ಮೆಲ್ಲಗೆ ಒತ್ತಿದರೆ ಗಂಟಲು ಹೊರಬರುತ್ತದೆ.

ಒಂದೇ ಹುಳು, ಎರಡು ಸೀಸೆ

ಆಕಾರ ಉಳಿಯಲು ಫಾರ್ಮಲಿನ್ ಬೇಕು. ಡಿಎನ್‌ಎ ಉಳಿಯಲು ಆಲ್ಕೊಹಾಲ್ ಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನಿಗೆ ಬೆಸೆದು ತುಂಡರಿಸುತ್ತದೆ. ಗಟ್ಟಿ ಆಲ್ಕೊಹಾಲ್ ಹುಳುವನ್ನು ಕುಗ್ಗಿಸಿ, ಮುಟ್ಟಿದರೆ ಮುರಿಯುವಂತೆ ಮಾಡುತ್ತದೆ. ಅನೇಕರು ಅರ್ಧ ಹುಳುಗಳನ್ನು ಒಂದಕ್ಕೆ, ಉಳಿದರ್ಧವನ್ನು ಇನ್ನೊಂದಕ್ಕೆ ಹಾಕುತ್ತಾರೆ. ಎರಡು ಪ್ರಭೇದಗಳು ಒಟ್ಟಿಗೆ ಬೆರೆತಿದ್ದರೆ ಈ ಲೆಕ್ಕ ಪೂರ್ತಿ ಕೆಡುತ್ತದೆ: ಚಿತ್ರ ಒಂದರದ್ದು, ಡಿಎನ್‌ಎ ಮತ್ತೊಂದರದ್ದು.

ಅದಕ್ಕಿಂತ ಗಟ್ಟಿ ವಿಧಾನ ಹೀಗಿದೆ. ಸಡಿಲಗೊಂಡ ಹುಳುವಿನ ನಡುಭಾಗದ ಒಂದು ಪಕ್ಕದಿಂದ ಕೆಲವು ಪಾರ್ಶ್ವಪಾದಗಳನ್ನು, ಅಂದರೆ ಕಾಲಿನಂಥ ಚಾಚುಗಳನ್ನು, ಬ್ಲೇಡಿನಿಂದ ಕತ್ತರಿಸಿ ಶೇ. 96 ಎಥನಾಲಿಗೆ ಹಾಕಿ. ತೀರ ಚಿಕ್ಕ ಹುಳುವಾದರೆ ಹಿಂಭಾಗದ ಕೆಲವು ಉಂಗುರಗಳನ್ನು ತೆಗೆಯಿರಿ. ಕರುಳಿನ ಭಾಗ ಬೇಡ, ಹುಳು ತಿಂದದ್ದರ ಡಿಎನ್‌ಎಯೂ ಜೊತೆಗೆ ಬರುತ್ತದೆ. ಉಳಿದ ದೇಹವನ್ನು ಫಾರ್ಮಲಿನ್‌ಗೆ ಹಾಕಿ. ಎರಡೂ ಸೀಸೆಗೆ ಒಂದೇ ಸಂಖ್ಯೆ.

ಅಂಗಡಿಯ ಫಾರ್ಮಲಿನ್‌ನಲ್ಲಿ ಶೇ. 37ರಿಂದ 40 ಫಾರ್ಮಾಲ್ಡಿಹೈಡ್ ಇರುತ್ತದೆ. ಅದರ ಒಂದು ಪಾಲಿಗೆ ಒಂಬತ್ತು ಪಾಲು ಕಡಲ ನೀರು ಬೆರೆಸಿ. ಇದಕ್ಕೇ ಶೇ. 10ರ ಫಾರ್ಮಲಿನ್ ಅನ್ನುವುದು, ನಿಜವಾದ ಫಾರ್ಮಾಲ್ಡಿಹೈಡ್ ಸುಮಾರು ಶೇ. 4. ಈ ಎರಡು ಶೇಕಡಾಗಳನ್ನು ಗೊಂದಲ ಮಾಡಿಕೊಂಡು ಹತ್ತು ಪಟ್ಟು ಬದಲು ಮತ್ತಷ್ಟು ತೆಳು ಮಾಡುವವರಿದ್ದಾರೆ, ಹುಳು ಸೀಸೆಯಲ್ಲೇ ಕೊಳೆಯುತ್ತದೆ. ಸ್ವಲ್ಪ ಬೊರಾಕ್ಸ್ ಸೇರಿಸಿ, ಇಲ್ಲವಾದರೆ ದ್ರಾವಣ ಆಮ್ಲೀಯವಾಗಿ ಸುಣ್ಣದ ಕೊಳವೆಗಳನ್ನು ಕರಗಿಸುತ್ತದೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆಯೇ ಕೆಲಸ ಮಾಡಿ. ಸಣ್ಣ ಹುಳುಗಳಿಗೆ 24ರಿಂದ 48 ಗಂಟೆ ಸಾಕು. ಬಳಿಕ ನೀರಿನಲ್ಲಿ ಚೆನ್ನಾಗಿ ತೊಳೆದು ಶೇ. 70ರ ಎಥನಾಲಿಗೆ ವರ್ಗಾಯಿಸಿ.

ಡಿಎನ್‌ಎ ಸೀಸೆಯಲ್ಲಿ ಎಥನಾಲ್ ಧಾರಾಳವಾಗಿರಲಿ. ಅಂಗಾಂಶದ ನೀರು ಹೊರಬಂದು ಅದನ್ನು ತೆಳುವಾಗಿಸುವುದರಿಂದ ಒಂದು ದಿನದ ನಂತರ ಹೊಸದನ್ನು ಹಾಕಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ.

ಚೀಟಿ ಸೀಸೆಯ ಒಳಗಿರಬೇಕು. ಹೊರಗೆ ಅಂಟಿಸಿದ್ದು ಬಿದ್ದುಹೋಗುತ್ತದೆ. ದಪ್ಪ ಕಾಗದ, ಪೆನ್ಸಿಲ್. ಬಾಲ್‌ಪೆನ್ ಶಾಯಿ ಆಲ್ಕೊಹಾಲಿನಲ್ಲಿ ಕರಗುತ್ತದೆ. ಅಕ್ಷಾಂಶ ರೇಖಾಂಶ, ಆಳ, ದಿನಾಂಕ, ಸಲಕರಣೆ, ತಳದ ಬಗೆ, ಸಂಗ್ರಹಿಸಿದವರ ಹೆಸರು, ಯಾವ ದ್ರವದಲ್ಲಿ ಕೆಡದಂತೆ ಇಟ್ಟದ್ದು, ಎಲ್ಲವೂ ಅದರಲ್ಲಿರಲಿ. ಚೀಟಿಯಿಲ್ಲದ ಹುಳು ಎಷ್ಟೇ ವಿಚಿತ್ರವಾಗಿದ್ದರೂ ಕೆಲಸಕ್ಕೆ ಬಾರದು.

ಸೂಕ್ಷ್ಮದರ್ಶಕದ ಕೆಳಗೆ

ಮೊದಲು ಕುಟುಂಬ, ಆಮೇಲೆ ಕುಲ. ತಲೆಯ ಮುಂಭಾಗದ ಆಕಾರ, ಮೀಸೆ ಮತ್ತು ಪ್ಯಾಲ್ಪ್‌ಗಳ ಸಂಖ್ಯೆ, ಕಿವಿರು ಎಲ್ಲಿಂದ ಎಲ್ಲಿಗಿದೆ, ಬಿರುಗೂದಲು ಒಂದೇ ತುಂಡಿನದೋ ಕೀಲಿರುವುದೋ, ದವಡೆ ಇದೆಯೋ, ಬಾಲದ ತುದಿಯಲ್ಲಿ ಏನಿದೆ ಎಂದು ನೋಡಿದರೆ ಕುಟುಂಬಕ್ಕೆ ತಲುಪಬಹುದು. ಸಿಲ್ಲಿಡ್ ಆದರೆ ಗಂಟಲಿನ ಹಿಂದೆ ಪೀಪಾಯಿಯಂಥ ಸ್ನಾಯುವಿನ ಅಂಗವೊಂದು ಮೈಯೊಳಗಿಂದಲೇ ಕಾಣುತ್ತದೆ. ಅದರ ಸ್ನಾಯುಕೋಶಗಳ ಸಾಲುಗಳನ್ನು ಎಣಿಸಿ ಬರೆಯುವುದು ರೂಢಿ.

ಗ್ರಂಥಿಗಳ ವಿನ್ಯಾಸ ನೋಡಲು ಮಿಥೈಲ್ ಗ್ರೀನ್ ಬಳಸಿ. ಆಲ್ಕೊಹಾಲಿನಲ್ಲಿ ಕರಗಿಸಿದ ಬಣ್ಣದಲ್ಲಿ ಹುಳುವನ್ನು ಕೆಲವು ನಿಮಿಷ ಬಿಟ್ಟು, ಶುದ್ಧ ಆಲ್ಕೊಹಾಲಿನಲ್ಲಿ ತೊಳೆದರೆ ಗ್ರಂಥಿಯಿರುವ ಜಾಗ ಮಾತ್ರ ಹಸಿರಾಗಿ ಉಳಿಯುತ್ತದೆ. ಕ್ಯಾಪಿಟೆಲ್ಲಿಡ್‌ಗಳಲ್ಲಿ ಹೊರಗಿನಿಂದ ಒಂದೇ ತರಹ ಕಾಣುವ ಹುಳುಗಳನ್ನು ಈ ಹಸಿರು ಪಟ್ಟಿಗಳು ಬೇರ್ಪಡಿಸುತ್ತವೆ. ಬಣ್ಣ ಕೆಲ ದಿನಗಳಲ್ಲಿ ಇಳಿದುಹೋಗುವುದರಿಂದ ಮಾದರಿಗೆ ಹಾನಿಯಿಲ್ಲ, ಆದರೆ ಫೋಟೋ ಕೂಡಲೇ ತೆಗೆಯಬೇಕು.

ಪಾರ್ಶ್ವಪಾದಗಳನ್ನು ಕತ್ತರಿಸಿ ಗ್ಲಿಸರಿನ್ ಹನಿಯಲ್ಲಿ ಗಾಜಿನ ಮೇಲಿಟ್ಟು ನೋಡುವಾಗ, ಅದು ಎಷ್ಟನೆಯ ಉಂಗುರದ್ದೆಂದು ತಪ್ಪದೆ ಬರೆದುಕೊಳ್ಳಿ. ಒಂದು ಮುಂದಿನದು, ಒಂದು ನಡುವಿನದು, ಒಂದು ಹಿಂದಿನದು. ಬಿರುಗೂದಲಿನ ತುದಿಗೆ ನೂರು ಪಟ್ಟಿನ ಎಣ್ಣೆ ಮಸೂರ ಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿಕ್ಕರೆ ಒಳ್ಳೆಯದು, ಆದರೆ ಚಿನ್ನದ ಲೇಪ ಹಚ್ಚಿದ ಹುಳು ಮತ್ತೆ ಸೀಸೆಗೆ ಮರಳದು. ಹಾಗಾಗಿ ಅದಕ್ಕೆ ಹೋಲೊಟೈಪ್, ಅಂದರೆ ಹೊಸ ಹೆಸರಿಗೆ ಆಧಾರವಾಗುವ ಒಂದೇ ಮೂಲ ಮಾದರಿ, ಆಗಬೇಕಾದ ಹುಳುವನ್ನು ಕೊಡಬೇಡಿ.

ಇಲ್ಲಿ ಮೋಸಹೋಗುವ ದಾರಿಗಳು ಬಹಳ. ಕೊಕ್ಕೆ ಎಂದರೆ ತುದಿ ಬಾಗಿದ ಬಿರುಗೂದಲು; ಎರಡು ಹಲ್ಲಿನ ಕೊಕ್ಕೆ ಸವೆದು ಒಂದೇ ಹಲ್ಲಿನಂತೆ ಕಾಣುತ್ತದೆ. ಕೊಕ್ಕೆಯ ತುದಿಯನ್ನು ಮುಚ್ಚಿರುವ ತೆಳು ಮುಸುಕು ಹರಿದುಹೋದರೆ ಮುಸುಕೇ ಇಲ್ಲದ ಕೊಕ್ಕೆ ಎನಿಸುತ್ತದೆ. ಉದುರಿದ ಕಿವಿರಿನ ಜಾಗದಲ್ಲಿ ಗುರುತು ಮಾತ್ರ ಉಳಿದಿರುತ್ತದೆ, ಆ ಗುರುತನ್ನು ಹುಡುಕಬೇಕು. ಬಾಲ ಮುರಿದು ಮತ್ತೆ ಬೆಳೆಯುತ್ತಿರುವ ಹುಳುವಿಗೆ ಹಿಂದಿನ ಉಂಗುರಗಳು ದಿಢೀರನೆ ಸಪೂರವಾಗಿರುತ್ತವೆ. ಸಂತಾನಕ್ಕೆ ಸಿದ್ಧವಾದ ನೆರೀಡಿಡ್‌ನ ಕಣ್ಣು ದೊಡ್ಡದಾಗಿ, ಕಾಲುಗಳು ದೋಣಿಯ ಹುಟ್ಟಿನಂತೆ ಅಗಲವಾಗುತ್ತವೆ. ಇಂಥ ಹುಳುಗಳನ್ನು ಬೇರೆ ಪ್ರಾಣಿಯೆಂದೇ ಭಾವಿಸಿ ಹಿಂದೆ ‘ಹೆಟೆರೊನೆರೀಸ್’ ಎಂಬ ಕುಲವನ್ನೇ ಕಟ್ಟಿದ್ದರು.

ಎಲ್ಲಕ್ಕಿಂತ ಹೆಚ್ಚು ಹೆಸರುಗಳನ್ನು ಕೆಡಿಸಿರುವುದು ಗಾತ್ರ. ಕೊಕ್ಕೆ ಎಷ್ಟನೆಯ ಉಂಗುರದಲ್ಲಿ ಶುರುವಾಗುತ್ತದೆ, ಕಿವಿರು ಎಷ್ಟು ಜೊತೆ ಎಂಬಂಥ ಲಕ್ಷಣಗಳು ಹುಳು ಬೆಳೆದಂತೆ ಬದಲಾಗಬಹುದು. ಸಿಕ್ಕಷ್ಟು ಹುಳುಗಳನ್ನು, ಇಪ್ಪತ್ತಾದರೆ ಒಳ್ಳೆಯದು, ಅಳೆಯಿರಿ. ಹೆಚ್ಚಿನವು ಅರ್ಧಕ್ಕೆ ಮುರಿದಿರುವುದರಿಂದ ಪೂರ್ತಿ ಉದ್ದ ಸಿಗದು. ಅದಕ್ಕೆ ಬದಲಾಗಿ ಒಂದು ನಿಗದಿತ ಉಂಗುರದ ಅಗಲವನ್ನು, ಹತ್ತನೆಯದೆನ್ನಿ, ಪಾರ್ಶ್ವಪಾದ ಬಿಟ್ಟು ಅಳೆಯಿರಿ. ಆ ಅಗಲದ ಎದುರು ಲಕ್ಷಣವನ್ನು ಗ್ರಾಫ್ ಹಾಕಿ. ಚುಕ್ಕೆಗಳು ಒಂದೇ ಓರೆಗೆರೆಯ ಮೇಲೆ ಕುಳಿತರೆ ನಿಮ್ಮ ‘ಎರಡು ಪ್ರಭೇದ’ ತಾಯಿ ಮತ್ತು ಮರಿ ಇರಬಹುದು.

ಹಳೆಯ ಹೆಸರುಗಳೊಂದಿಗೆ ಹೋಲಿಕೆ

ಕುಲದ ಪ್ರತಿಯೊಂದು ಪ್ರಭೇದಕ್ಕೂ ಮೂಲ ವಿವರಣೆಯನ್ನೇ ಓದಿ. ನಂತರ ಬಂದ ಕೈಪಿಡಿಗಳು ಬೇರೆ ಬೇರೆ ಕಡಲಿನ ಹುಳುಗಳನ್ನು ಬೆರೆಸಿ ವಿವರಣೆಯನ್ನು ಹಿಗ್ಗಿಸಿರುತ್ತವೆ, ಆ ಹಿಗ್ಗಿದ ಚೀಲದಲ್ಲಿ ಯಾವ ಹುಳುವಾದರೂ ಹಿಡಿಸುತ್ತದೆ. ಅಡ್ಡಸಾಲಿಗೆ ಪ್ರಭೇದಗಳು, ಕಂಬಸಾಲಿಗೆ ಲಕ್ಷಣಗಳನ್ನು ಬರೆದು ಕೋಷ್ಟಕ ಮಾಡಿ. ಮೂಲ ಮಾದರಿ ಸಿಕ್ಕಿದ ಊರು ಮತ್ತು ಆಳಕ್ಕೂ ಒಂದು ಕಂಬ ಇರಲಿ.

ಕ್ಯಾಪಿಟೆಲ್ಲಾ ಕ್ಯಾಪಿಟೇಟಾ ಇದಕ್ಕೆ ದೊಡ್ಡ ಪಾಠ. 1780ರಲ್ಲಿ ಪ್ರಾಣಿವಿಜ್ಞಾನಿ ಫ್ಯಾಬ್ರಿಶಿಯಸ್ ಗ್ರೀನ್‌ಲ್ಯಾಂಡಿನ ಹುಳುವಿಗಿಟ್ಟ ಹೆಸರು ಅದು. ಕೊಳಚೆ ಬೀಳುವ ತಳದಲ್ಲೆಲ್ಲ ಅಂಥದ್ದೇ ಕೆಂಪು ಹುಳು ಸಿಕ್ಕಿತೆಂದು ಜಗತ್ತಿನ ಮೂಲೆಮೂಲೆಯಲ್ಲೂ ಅದೇ ಹೆಸರು ಬರೆದರು. 1976ರಲ್ಲಿ ಸಂಶೋಧಕರಾದ ಗ್ರಾಸಲ್ ದಂಪತಿ ಒಂದೇ ಹೆಸರಿನಡಿ ಹಲವು ಪ್ರಭೇದಗಳಿವೆ ಎಂದು ಕಿಣ್ವಗಳ ಹೋಲಿಕೆಯಿಂದ ತೋರಿಸಿದರು. ಮಾರ್ಫೈಸಾ ಸ್ಯಾಂಗ್ವಿನಿಯಾ ಎಂಬ ಇಂಗ್ಲೆಂಡಿನ ಹುಳುವಿನದೂ ಅದೇ ಕಥೆ. ಬಿಸಿ ಕಡಲಿನ ಹುಳುವೊಂದು ತಂಪು ಕಡಲಿನ ಹೆಸರನ್ನು ಹೊತ್ತಿದ್ದರೆ, ಅಲ್ಲಿಂದ ಹುಡುಕಾಟ ಶುರು ಮಾಡಿ.

ಆದರೆ ಕೂಡಲೇ ಹೊಸ ಹೆಸರಿಡಲು ಹೋಗಬೇಡಿ. ನಿಮ್ಮದೇ ಕಡಲಿನಿಂದ ನೂರು ವರ್ಷದ ಹಿಂದೆ ಯಾರೋ ಇಟ್ಟ ಹೆಸರೊಂದು ಸಮಾನಾರ್ಥಕವೆಂಬ ಪಟ್ಟಿಯಲ್ಲಿ ಮಲಗಿರಬಹುದು. ಅದು ಈ ಹುಳುವಿನದೇ ಆದರೆ ಆ ಹೆಸರನ್ನು ಎಬ್ಬಿಸಬೇಕು, ಹೊಸದು ಸಲ್ಲದು. ವಿವರಣೆಯಿಂದ ತೀರ್ಮಾನವಾಗದಿದ್ದರೆ ಸಂಗ್ರಹಾಲಯದಿಂದ ಮೂಲ ಮಾದರಿಯನ್ನು ತರಿಸಿ ಅಥವಾ ಅಲ್ಲಿಗೇ ಹೋಗಿ ನೋಡಿ. ಅದು ಕಳೆದುಹೋಗಿದ್ದರೆ, ಅದೇ ಜಾಗದ ತಾಜಾ ಹುಳು ಬೇಕು.

ಡಿಎನ್‌ಎ ಹೇಳುವುದು, ಹೇಳದಿರುವುದು

ಮೊದಲು ಓದುವುದು ಪ್ರಭೇದಗಳನ್ನು ಗುರುತಿಸಲು ಬಳಸುವ, ಮೈಟೊಕಾಂಡ್ರಿಯದ ಸಿಒಐ ಎಂಬ ವಂಶವಾಹಿಯ 658 ಅಕ್ಷರಗಳನ್ನು. ಓದಬೇಕಾದ ಡಿಎನ್‌ಎ ಭಾಗವನ್ನು ಹಿಡಿದು ನಕಲಿಸಲು ನೆರವಾಗುವ ಚಿಕ್ಕ ಡಿಎನ್‌ಎ ತುಂಡುಗಳೇ ಪ್ರೈಮರ್‌ಗಳು. 1994ರಲ್ಲಿ ಪ್ರಕಟವಾದ ಎಲ್‌ಸಿಒ1490 ಮತ್ತು ಎಚ್‌ಸಿಒ2198 ಪ್ರೈಮರ್‌ಗಳು ಇಂದಿಗೂ ಬಳಕೆಯಲ್ಲಿವೆ, ಆದರೆ ಪಾಲಿಕೀಟ್‌ಗಳಲ್ಲಿ ಆಗಾಗ ಕೈಕೊಡುತ್ತವೆ. ಆಗ ಈ ಗುಂಪಿಗೆಂದೇ ಮಾಡಿದ ಪ್ರೈಮರ್‌ಗಳನ್ನು ಬಳಸಿ, ಇಲ್ಲವೇ 16ಎಸ್ ವಂಶವಾಹಿಗೆ ಹೋಗಿ. ಬಂದ ಅಕ್ಷರಗಳನ್ನು ಅಕಶೇರುಕ ಮೈಟೊಕಾಂಡ್ರಿಯದ ಸಂಕೇತದಲ್ಲಿ ಪ್ರೋಟೀನಿಗೆ ಅನುವಾದಿಸಿ. ನಡುವೆ ನಿಲುಗಡೆ ಸಂಕೇತ ಬಂದರೆ ಅದು ಹುಸಿ ವಂಶವಾಹಿ ಅಥವಾ ಓದುವಿಕೆಯ ತಪ್ಪು. ಬ್ಯಾಕ್ಟೀರಿಯಾದ್ದೋ ಆಹಾರದ್ದೋ ಅಲ್ಲವೆಂದು ಡಿಎನ್‌ಎ ಅಕ್ಷರಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕಿನಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ. ಆದರೆ ಅಲ್ಲಿನ ಹೆಸರುಗಳನ್ನು ಕಣ್ಣುಮುಚ್ಚಿ ನಂಬಬೇಡಿ, ತಪ್ಪಾಗಿ ಗುರುತಿಸಿದ ಹುಳುಗಳೂ ಅಲ್ಲಿವೆ.

ಒಂದೇ ಪ್ರಭೇದದೊಳಗೆ ಹುಳುವಿನಿಂದ ಹುಳುವಿಗೆ ಸಿಒಐ ಅಕ್ಷರಗಳ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಶೇಕಡಾ ಇದ್ದು, ನೆಂಟ ಪ್ರಭೇದಗಳ ನಡುವೆ ಎರಡಂಕಿಗೆ ಏರುವುದನ್ನು ಅನೇಕ ಕುಟುಂಬಗಳಲ್ಲಿ ಕಾಣುತ್ತೇವೆ. ಹಾಗೆಂದು ಯಾವುದೋ ಒಂದು ಅಂಕಿಯನ್ನು ಗೆರೆಯಾಗಿ ಎಳೆಯಲಾಗದು. ಮೈಟೊಕಾಂಡ್ರಿಯ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ಅದಕ್ಕೇ ಕೋಶಕೇಂದ್ರದ ಇನ್ನೊಂದು ವಂಶವಾಹಿ, ಐಟಿಎಸ್ ಅಥವಾ 28ಎಸ್, ಅದೇ ಗುಂಪುಗಾರಿಕೆಯನ್ನು ತೋರಿಸುತ್ತದೆಯೇ ನೋಡಿ. ಆಕಾರ, ಎರಡು ಬಗೆಯ ಡಿಎನ್‌ಎ, ನೆಲೆ ಇವುಗಳಲ್ಲಿ ಕನಿಷ್ಠ ಎರಡಾದರೂ ಸ್ವತಂತ್ರವಾಗಿ ಒಂದೇ ಮಾತು ಹೇಳಿದಾಗ ಹೆಸರಿಡುವುದು ನಮ್ಮ ದೃಷ್ಟಿಯಲ್ಲಿ ಸರಿಯಾದ ಅಳತೆ.

ಮೇಲಿನ ಹಂತದ ವರ್ಗೀಕರಣದಲ್ಲಿ ಡಿಎನ್‌ಎಯ ಬಲ ಇನ್ನೂ ಹೆಚ್ಚು. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಆಳದಲ್ಲಿ, ಸತ್ತ ತಿಮಿಂಗಿಲದ ಎಲುಬಿಗೆ ಬೇರು ಬಿಟ್ಟಿದ್ದ ಹುಳುಗಳು ಸಿಕ್ಕವು. ಅವಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. 2004ರಲ್ಲಿ ಒಸೆಡಾಕ್ಸ್ ಎಂಬ ಹೊಸ ಕುಲವಾಗಿ ಅವು ಪ್ರಕಟವಾದಾಗ ಸಿಬೊಗ್ಲಿನಿಡೆ ಕುಟುಂಬಕ್ಕೆ ಸೇರಿಸಲು ನೆರವಾದದ್ದು ಡಿಎನ್‌ಎ. ಹಿಂದೊಮ್ಮೆ ಪ್ರತ್ಯೇಕ ವಂಶಗಳೆಂದೇ ಎಣಿಸಿದ್ದ ಪೊಗೊನೊಫೋರಾ ಮತ್ತು ವೆಸ್ಟಿಮೆಂಟಿಫೆರಾ ಎಂಬ ಹುಳುಗುಂಪುಗಳು ಈಗ ಇದೇ ಒಂದು ಕುಟುಂಬದೊಳಗಿವೆ.

ಪಾಲಿಕೀಟ್ ಅಲ್ಲದಿದ್ದರೂ ಇದೇ ಕೆಸರಿನಲ್ಲಿ ಸಿಗುವ ದುಂಡುಹುಳುಗಳ, ಅಂದರೆ ನೆಮಟೋಡ್‌ಗಳ, ಬಗ್ಗೆ ಒಂದು ಮಾತು. ಅವುಗಳನ್ನು ಕೆಸರಿನಿಂದ ತೇಲಿಸಲು 1.18 ಸಾಂದ್ರತೆಯ ಲೂಡಾಕ್ಸ್ ಎಂಬ ಸಿಲಿಕಾ ದ್ರಾವಣ ಬಳಸುತ್ತಾರೆ. ಕಡಲ ನೀರು ತಾಕಿದರೆ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಆದ್ದರಿಂದ ಫಾರ್ಮಲಿನ್‌ನಲ್ಲಿಟ್ಟ ಮಾದರಿಯನ್ನು ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ವಿವರಣೆಗೆ ಗಂಡು ಹುಳು ಬೇಕೇ ಬೇಕು, ಅದರ ಸಂಗಮ ಮುಳ್ಳುಗಳೇ ಮುಖ್ಯ ಲಕ್ಷಣ.

ಹೆಸರು ನಿಲ್ಲಬೇಕಾದರೆ

ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ನೇ ಇಸವಿಯ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಪ್ರಭೇದವೆಂದು ಲೇಖನದಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಬೇರೆ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳು ಮಾತಿನಲ್ಲಿರಬೇಕು, ಚಿತ್ರ ಮಾತ್ರ ಸಾಲದು. ಹೋಲೊಟೈಪ್ ಯಾವುದು, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಬರೆದಿರಬೇಕು. ಹೋಲೊಟೈಪ್‌ಗೆ ಬೆಳೆದ, ಆದಷ್ಟು ಪೂರ್ತಿಯಾದ, ಡಿಎನ್‌ಎ ತೆಗೆದಿರುವ ಹುಳುವನ್ನೇ ಆರಿಸಿ. ಪ್ಯಾರಾಟೈಪ್‌ಗಳನ್ನು (ಹೋಲೊಟೈಪ್ ಜೊತೆಗೆ ವಿವರಣೆಗೆ ಬಳಸಿದ ಉಳಿದ ಮಾದರಿಗಳನ್ನು) ಎರಡು ಮೂರು ಸಂಗ್ರಹಾಲಯಗಳಿಗೆ ಹಂಚಿ. ಬೆಂಕಿಯೋ ನೆರೆಯೋ ಬಂದು ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿದಿರುತ್ತದೆ.

ಹೆಸರಿನ ವ್ಯಾಕರಣ ಲ್ಯಾಟಿನ್‌ನದು. ಪ್ರಭೇದದ ಹೆಸರು ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಫ್ಯಾಬ್ರಿಶಿಯಸ್ ಬರೆದದ್ದು ‘ಲುಂಬ್ರಿಕಸ್ ಕ್ಯಾಪಿಟೇಟಸ್’ ಎಂದು, ಲುಂಬ್ರಿಕಸ್ ಪುಲ್ಲಿಂಗ. ಸ್ತ್ರೀಲಿಂಗದ ಕ್ಯಾಪಿಟೆಲ್ಲಾ ಕುಲಕ್ಕೆ ಬಂದಾಗ ಅದೇ ‘ಕ್ಯಾಪಿಟೇಟಾ’ ಆಯಿತು. ಕುಲ ಬದಲಾಗಿದೆ ಎಂದು ತಿಳಿಸಲು ಅವರ ಹೆಸರು ಮತ್ತು ಇಸವಿಯನ್ನು ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ. ವ್ಯಕ್ತಿಯ ಗೌರವಾರ್ಥ ಇಡುವಾಗ ಗಂಡಸಾದರೆ ಕೊನೆಗೆ ‘ಇ’, ಹೆಂಗಸಾದರೆ ‘ಏ’ ಬರುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ರೂಢಿಯಿಲ್ಲ.

ಆನ್‌ಲೈನ್ ಪತ್ರಿಕೆಯಾದರೆ 2012ರ ತಿದ್ದುಪಡಿಯ ನಿಯಮ ಅನ್ವಯಿಸುತ್ತದೆ: ಪ್ರಕಟಣೆಗೆ ಮುನ್ನ ಲೇಖನವನ್ನು ಪ್ರಾಣಿ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಜೂಬ್ಯಾಂಕಿನಲ್ಲಿ ನೋಂದಾಯಿಸಿ, ನೋಂದಣಿಯ ಪುರಾವೆಯನ್ನೂ ಪ್ರಕಟವಾದ ದಿನಾಂಕವನ್ನೂ ಲೇಖನದೊಳಗೇ ಕೊಟ್ಟಿರಬೇಕು. ಅದಕ್ಕೂ ಮುಂಚೆ ಪ್ರಬಂಧ, ಪೋಸ್ಟರ್, ಸಮ್ಮೇಳನದ ಸಾರಾಂಶಗಳಲ್ಲಿ ಹೊಸ ಹೆಸರನ್ನು ಬಿಡಬೇಡಿ, ‘ಪ್ರಭೇದ ಎ’ ಎಂದಷ್ಟೇ ಬರೆಯಿರಿ. ಬೇಗ ಹೊರಬಿದ್ದ ಹೆಸರು ವಿವರಣೆಯಿಲ್ಲದೆ ಬರಿದಾಗಿ ಅಲೆಯುತ್ತಾ ಮುಂದಿನವರನ್ನು ಗೊಂದಲಕ್ಕೆ ಕೆಡವುತ್ತದೆ.

ಪ್ರಕಟವಾದ ಬಳಿಕ ನಿಮ್ಮ ಬಳಿಯೇ ಉಳಿದ ಹುಳುಗಳ ಸೀಸೆಗಳನ್ನು ವರ್ಷಕ್ಕೊಮ್ಮೆ ನೋಡಿ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಆಲ್ಕೊಹಾಲ್ ಮೆಲ್ಲಗೆ ಆರುತ್ತದೆ, ನೀರಿಗಿಂತ ಬೇಗ ಆರುವುದರಿಂದ ಉಳಿದದ್ದು ತೆಳುವಾಗುತ್ತದೆ. ಸಣ್ಣ ಸೀಸೆಗಳನ್ನು ಹತ್ತಿಯ ಬಿರಡೆ ಹಾಕಿ, ಆಲ್ಕೊಹಾಲ್ ತುಂಬಿದ ದೊಡ್ಡ ಜಾಡಿಯಲ್ಲಿ ತಲೆಕೆಳಗಾಗಿ ಮುಳುಗಿಸಿಟ್ಟರೆ ಈ ತೊಂದರೆ ಕಡಿಮೆ. ಒಣಗಿಹೋದ ಹುಳು ಸಿಕ್ಕರೆ ಎಸೆಯಬೇಡಿ. ಟ್ರೈಸೋಡಿಯಂ ಫಾಸ್ಫೇಟಿನ ಶೇ. 0.5ರ ದ್ರಾವಣದಲ್ಲಿ ನೆನೆಸಿದರೆ ಮೈ ಮತ್ತೆ ಮೆದುವಾಗುತ್ತದೆ. ಬಿರುಗೂದಲುಗಳನ್ನು ಎಣಿಸಲು ಅಷ್ಟು ಸಾಕು.